ಕಾಯಿಲೆ ವಾಸಿಯಾದ ಮೇಲೂ ನಿದ್ದೆ ಬಾರದಿದ್ದರೆ, ಭಯ ಬಿಡದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ತೊಂದರೆ, ದೊಡ್ಡ ಸೋಂಕು, ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ, ಐಸಿಯು. ಯಾವುದರಿಂದ ಎದ್ದು ಬಂದಿದ್ದರೂ ಸರಿ, ಆಮೇಲೆ ತುಂಬಾ ಜನರಿಗೆ ಎರಡು ತೊಂದರೆ ಜೊತೆಯಾಗಿಯೇ ಶುರುವಾಗುತ್ತವೆ. ರಾತ್ರಿ ಕಣ್ಣು ಹತ್ತುವುದಿಲ್ಲ. ಹಗಲೆಲ್ಲ "ಮತ್ತೆ ಬಂದುಬಿಟ್ಟರೆ?" ಅನ್ನುವ ಭಯ. ಇವೆರಡನ್ನೂ ಇಲ್ಲಿ ಒಟ್ಟಿಗೇ ಇಟ್ಟುಕೊಂಡಿದ್ದೇನೆ. ಯಾಕೆಂದರೆ ಎರಡನ್ನೂ ಬೆಳೆಸುವುದು ಒಂದೇ ಅಭ್ಯಾಸ: ದೇಹವನ್ನು ಬಿಡದೆ ಕಾಯುತ್ತಾ ಕೂರುವುದು.

ಮುಂದೆ ಓದುವ ಮೊದಲು ಒಂದು ಮಾತು. ಎದೆಯಲ್ಲಿ ಹಿಂಡಿದಂಥ ನೋವು, ಕೂತಲ್ಲೇ ಏದುಸಿರು, ಮುಖ ಒಂದು ಕಡೆ ಜೋತುಬೀಳುವುದು, ಒಂದು ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ. ಇವು ಕಂಡರೆ ಇದು ಆತಂಕ ಇರಬಹುದಾ ಅಂತ ಯೋಚಿಸುತ್ತಾ ಕೂರಬೇಡಿ. ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೂ ಅಷ್ಟೇ, ಅದೂ ತುರ್ತೇ.

ರಿಪೋರ್ಟ್‌ಗಳೆಲ್ಲ ನಾರ್ಮಲ್. ಮತ್ತೆ ಯಾಕೆ ನಿದ್ದೆ ಬರುತ್ತಿಲ್ಲ?

ನಿದ್ದೆ ಎರಡು ಸಂಗತಿಗಳ ಮೇಲೆ ನಿಂತಿದೆ. ನಿದ್ದೆಯ ಬಗ್ಗೆ ಅಧ್ಯಯನ ಮಾಡಿದ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಇದನ್ನು ಸರಳವಾಗಿ ವಿವರಿಸಿದರು. ಮೊದಲನೆಯದು ನಿದ್ದೆಯ ಒತ್ತಡ. ಎದ್ದ ಗಳಿಗೆಯಿಂದ ಅದು ಏರುತ್ತಾ ಹೋಗುತ್ತದೆ. ಮೆದುಳಿನಲ್ಲಿ ಸೇರುವ ಅಡೆನೊಸಿನ್ ಎಂಬ ರಾಸಾಯನಿಕ ಇದಕ್ಕೆ ಒಂದು ಮುಖ್ಯ ಕಾರಣ. ಎಷ್ಟು ಹೊತ್ತು ಎಚ್ಚರವಾಗಿರುತ್ತೇವೋ ಅಷ್ಟು ನಿದ್ದೆ ಎಳೆಯುತ್ತದೆ. ಎರಡನೆಯದು ದೇಹದೊಳಗಿನ ಗಡಿಯಾರ. ಅದು ಬೆಳಕು ಕತ್ತಲೆ ನೋಡಿಕೊಂಡು ಹೊತ್ತು ತಿಳಿಯುತ್ತದೆ.

ಕಾಯಿಲೆ ಇವೆರಡನ್ನೂ ಕೆಡಿಸುತ್ತದೆ. ಸೋಂಕಿನ ವಿರುದ್ಧ ಹೋರಾಡುವಾಗ ದೇಹ ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್-1ರಂಥ ವಸ್ತುಗಳೇ ನಿದ್ದೆ ತರಿಸುತ್ತವೆ. ಹಾಗಾಗಿ ಜ್ವರದಲ್ಲಿ ಹಗಲೂ ಮಲಗುತ್ತೇವೆ. ಆಸ್ಪತ್ರೆಯಲ್ಲಂತೂ ರಾತ್ರಿಯೂ ದೀಪ, ಯಂತ್ರಗಳ ಸದ್ದು, ಇಂಜೆಕ್ಷನ್‌ಗೆಂದು ಎಬ್ಬಿಸುವುದು. ಮನೆಗೆ ಬಂದ ಮೇಲೂ ಊಟ, ಫೋನು, ಮಾತುಕತೆ ಎಲ್ಲ ಹಾಸಿಗೆಯಲ್ಲೇ. ಹೊರಗಿನ ಬಿಸಿಲು ಮುಖಕ್ಕೆ ಬೀಳುವುದೇ ಇಲ್ಲ. ಒತ್ತಡ ಏರಲು ಸಮಯ ಸಿಗುವುದಿಲ್ಲ, ಗಡಿಯಾರಕ್ಕೆ ಹೊತ್ತು ತಿಳಿಯುವುದಿಲ್ಲ.

ಇದರ ಮೇಲೆ ಭಯ. ಒಮ್ಮೆ ಅಪಾಯ ಕಂಡ ಮೆದುಳು ಕಾವಲಿಗೆ ನಿಲ್ಲುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಅದು ಅವತ್ತೇ ಕಾವಲು ಬಿಡುವುದಿಲ್ಲ. ನಿದ್ದೆ ಅಂದರೆ ಕಾವಲು ಬಿಡುವುದು. ಹಾಗಾಗಿ ಸುಸ್ತು ಎಷ್ಟೇ ಇದ್ದರೂ ನಿದ್ದೆ ಹತ್ತಿರ ಬಂದು ಹಿಂದೆ ಸರಿಯುತ್ತದೆ.

ನನ್ನೊಬ್ಬನಿಗೇ ಹೀಗಾ?

ಖಂಡಿತ ಅಲ್ಲ. ಈ ಪ್ರಶ್ನೆಯನ್ನು ತುಂಬಾ ಜನ ತಲೆ ತಗ್ಗಿಸಿಕೊಂಡೇ ಕೇಳುತ್ತಾರೆ. ತಗ್ಗಿಸಬೇಕಾಗಿಲ್ಲ. ಐಸಿಯುನಿಂದ ಬಂದವರಲ್ಲಿ ನಿದ್ದೆ, ನೆನಪು, ಮನಸ್ಸು ಮೂರೂ ಏರುಪೇರಾಗುವುದು ಎಷ್ಟು ಸಾಮಾನ್ಯ ಅಂದರೆ, ವೈದ್ಯರು ಅದಕ್ಕೊಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ. ಹೃದಯಾಘಾತ ಆದವರಲ್ಲಿ ಸುಮಾರು 8 ಜನರಲ್ಲಿ ಒಬ್ಬರಿಗೆ ಆಘಾತದ ನಂತರದ ಒತ್ತಡದ ಲಕ್ಷಣಗಳು ಕಾಣುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಹೇಳಿದೆ. ಕ್ಯಾನ್ಸರ್ ಗೆದ್ದವರಲ್ಲಿ "ಮತ್ತೆ ಬಂದರೆ?" ಅನ್ನುವ ಭಯ ಇಲ್ಲದವರೇ ಕಡಿಮೆ.

ಇದು ದುರ್ಬಲ ಮನಸ್ಸಿನ ಗುರುತಲ್ಲ. ಹುಚ್ಚಿನ ಗುರುತಂತೂ ಅಲ್ಲವೇ ಅಲ್ಲ.

ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಕಾ? ದೇಹದ ಕಾರಣ ಇರಬಾರದಾ?

ಇರಬಹುದು. ಮೊದಲು ಅದನ್ನೇ ನೋಡಿಸಿ. ನೀವು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ, "ಇದರಲ್ಲಿ ಯಾವುದಾದರೂ ನಿದ್ದೆ ಕೆಡಿಸುತ್ತದಾ?" ಅಂತ ನೇರವಾಗಿ ಕೇಳಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ನಿದ್ದೆ ಓಡಿಸುತ್ತವೆ. ಅನೇಕ ಸಲ ಅವನ್ನು ಬೆಳಿಗ್ಗೆ ತೆಗೆದುಕೊಂಡರೇ ಅರ್ಧ ತೊಂದರೆ ತಪ್ಪುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಎದೆಬಡಿತ ಜಾಸ್ತಿ ಮಾಡುತ್ತದೆ, ಕೈ ನಡುಗಿಸುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ ಮಾತ್ರೆಗಳು ಕೆಟ್ಟ ಕನಸು ತರುತ್ತವೆ. ನೀರಿಳಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಂಡರೆ ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕಾಗುತ್ತದೆ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ.

ಥೈರಾಯ್ಡ್ ಏರುಪೇರು, ರಕ್ತಹೀನತೆ, ನೋವು, ಹುಳಿತೇಗು, ಖಿನ್ನತೆ ಇವೂ ನಿದ್ದೆಗೆಡಿಸುತ್ತವೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದನ್ನು ಮನೆಯವರು ನೋಡಿದ್ದರೆ ಸ್ಲೀಪ್ ಅಪ್ನಿಯಾ ಇರಬಹುದು. ಮಲಗಿದಾಗ ಕಾಲು ಆಡಿಸಲೇಬೇಕು ಅನ್ನಿಸಿದರೆ ಕಬ್ಬಿಣದ ಅಂಶ ಕಡಿಮೆಯಾಗಿರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಒಂದು ಸಲ ಸರಿಯಾಗಿ ತಪಾಸಣೆ ಮಾಡಿಸಿ. ಹತ್ತು ಸಲ ಬೇಡ.

ಎಷ್ಟು ದಿನ ಹೀಗಿದ್ದರೆ ಚಿಕಿತ್ಸೆ ಬೇಕು?

ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳ ಕಾಲ ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಷ್ಟು ದಿನ ಕಾಯಲೇಬೇಕು ಅಂತೇನಿಲ್ಲ. ಹಗಲಿನ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಈಗಲೇ ಶುರು ಮಾಡಿ.

ನಿದ್ದೆ ಇಲ್ಲದಿದ್ದರೆ ಕಾಯಿಲೆ ಮತ್ತೆ ಬರುತ್ತದೆ, ಅಲ್ವಾ?

ರಾತ್ರಿ ಎರಡು ಗಂಟೆಗೆ ಎಲ್ಲರನ್ನೂ ಕೊರೆಯುವ ಪ್ರಶ್ನೆ ಇದು. ವರ್ಷಗಟ್ಟಲೆ ಕಡಿಮೆ ನಿದ್ದೆ ಮಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ನಿಜ. ಹಾಗಂತ ಈ ವಾರದ ನಾಲ್ಕು ಕೆಟ್ಟ ರಾತ್ರಿಗಳು ನಿಮ್ಮ ಚೇತರಿಕೆಯನ್ನು ಹಾಳು ಮಾಡಿಬಿಡುವುದಿಲ್ಲ. ದೇಹ ನಿದ್ದೆಯನ್ನು ಜಾಣತನದಿಂದ ಉಳಿಸಿಕೊಳ್ಳುತ್ತದೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಬರುತ್ತದೆ. ನಿದ್ದೆ ಕಡಿಮೆಯಾದ ದಿನದ ಮಾರನೇ ರಾತ್ರಿ ದೇಹ ಮೊದಲು ತುಂಬಿಕೊಳ್ಳುವುದೂ ಅದನ್ನೇ. ಕಳೆದುಹೋದ ಗಂಟೆಗಳನ್ನೆಲ್ಲ ಲೆಕ್ಕ ಹಾಕಿ ವಾಪಸ್ ಕೊಡಬೇಕಾಗಿಲ್ಲ.

ಅಪಾಯ ನಿಜವಾಗಿ ಇರುವುದು ಬೇರೆ ಕಡೆ. ನಿದ್ದೆಗೆಟ್ಟು ತೂಕಡಿಕೆ ಬರುವಾಗ ಗಾಡಿ ಓಡಿಸಬೇಡಿ. ಎತ್ತರದ ಜಾಗದಲ್ಲಿ, ಯಂತ್ರದ ಹತ್ತಿರ ಕೆಲಸ ಮಾಡಬೇಡಿ.

ರಾತ್ರಿಯಿಡೀ ಒಂದು ನಿಮಿಷವೂ ನಿದ್ದೆ ಮಾಡಿಲ್ಲ ಅನ್ನಿಸುತ್ತದೆ. ಮನೆಯವರು "ಗೊರಕೆ ಹೊಡೀತಿದ್ದೆ" ಅನ್ನುತ್ತಾರೆ!

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಗುರ ನಿದ್ದೆಯಲ್ಲಿ ಮೆದುಳಿನ ಒಂದಷ್ಟು ಭಾಗ ಎಚ್ಚರದಲ್ಲೇ ಇರುವಂತೆ ವರ್ತಿಸುತ್ತದೆ. ಆತಂಕ ಇರುವವರಿಗೆ ಆ ಹೊತ್ತೆಲ್ಲ ಎಚ್ಚರ ಇದ್ದಂತೆಯೇ ನೆನಪಿರುತ್ತದೆ. ಹಾಗಾಗಿ ನಿದ್ದೆ ತಪ್ಪಿದ ಜನ ತಾವು ಮಲಗಿದ ಹೊತ್ತನ್ನು ಕಡಿಮೆಯಾಗಿ ಅಂದಾಜು ಮಾಡುವುದು ಸಾಮಾನ್ಯ. ಇದು ಸಮಾಧಾನದ ಮಾತಲ್ಲ, ನಿದ್ರಾ ಪ್ರಯೋಗಾಲಯಗಳಲ್ಲಿ ಅಳತೆ ಮಾಡಿ ನೋಡಿದ ಸಂಗತಿ.

ನಡುರಾತ್ರಿ ಎಚ್ಚರವಾದರೆ ಏನು ಮಾಡಲಿ?

ಎಚ್ಚರವಾಗುವುದು ತೊಂದರೆಯೇ ಅಲ್ಲ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಸುತ್ತುಗಳ ನಡುವೆ ಎಲ್ಲರಿಗೂ ಅರೆಗಳಿಗೆ ಎಚ್ಚರವಾಗುತ್ತದೆ. ಚೆನ್ನಾಗಿ ನಿದ್ದೆ ಮಾಡುವವರು ಮಗ್ಗುಲು ಬದಲಿಸಿ ಮರೆತುಬಿಡುತ್ತಾರೆ. ನಾವು ಗಡಿಯಾರ ನೋಡುತ್ತೇವೆ. "ಅಯ್ಯೋ, ಇನ್ನು ಮೂರೇ ಗಂಟೆ ಉಳಿದಿದೆ" ಅಂದುಕೊಳ್ಳುತ್ತೇವೆ. ನಾಡಿ ಮುಟ್ಟಿ ನೋಡುತ್ತೇವೆ. ಅಲ್ಲಿಗೆ ಕಾವಲು ಪೂರ್ತಿ ಶುರುವಾಯಿತು.

ಹಾಗಾಗಿ ಮೊದಲ ಕೆಲಸ, ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ. ಫೋನು ಕೈಗೆ ಎಟುಕದ ಕಡೆ ಇರಲಿ. ಅಂದಾಜು ಕಾಲು ಗಂಟೆ ಕಳೆದರೂ ನಿದ್ದೆ ಬರುವ ಸೂಚನೆ ಇಲ್ಲದಿದ್ದರೆ ಹಾಸಿಗೆ ಬಿಟ್ಟು ಏಳಿ. ಬೇರೆ ಕಡೆ, ಮಂದ ಬೆಳಕಿನಲ್ಲಿ, ಮನಸ್ಸಿಗೆ ಹಿತವಾದ ಏನಾದರೂ ಮಾಡಿ. ಹಳೆಯ ಪುಸ್ತಕ ಓದಿ, ಬಟ್ಟೆ ಮಡಚಿ, ಮೆಲ್ಲಗೆ ಹಾಡು ಕೇಳಿ. ಕಣ್ಣು ಎಳೆಯಲು ಶುರುವಾದಾಗ ಮಾತ್ರ ವಾಪಸ್ ಬನ್ನಿ. ಮತ್ತೆ ಬರದಿದ್ದರೆ ಮತ್ತೆ ಏಳಿ. ಕಾಯಿಲೆಯಿಂದ ನಿತ್ರಾಣವಾಗಿದ್ದು ಏಳುವುದೇ ಕಷ್ಟ ಅಂದರೆ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕೂತು ಓದಬಹುದು.

ಇದು ಹೊಸ ಉಪಾಯವಲ್ಲ. ರಿಚರ್ಡ್ ಬೂಟ್ಜಿನ್ ಎಂಬ ಮನಃಶಾಸ್ತ್ರಜ್ಞರು 1972ರಲ್ಲೇ ಇದನ್ನು ಹೇಳಿದರು. ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡಿದಷ್ಟೂ, ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೆದುಳು ಕಲಿಯುತ್ತದೆ. ಸೋಫಾದ ಮೇಲೆ ಜೊಂಪು ಹತ್ತಿ, ಹಾಸಿಗೆಗೆ ಹೋದ ಕೂಡಲೇ ನಿದ್ದೆ ಹಾರಿಹೋಗುತ್ತದಲ್ಲ, ಅದು ಇದೇ ಪಾಠ. ಕಲಿತಿದ್ದನ್ನು ಮರೆಸಲು ಕೆಲವು ವಾರ ಬೇಕು. ಮೊದಲ ವಾರ ಕಷ್ಟವೇ, ಅದನ್ನು ಮುಚ್ಚಿಡುವುದಿಲ್ಲ.

ಸುಸ್ತು ಜಾಸ್ತಿ ಇದೆ. ಬೇಗ ಮಲಗಿ ಲೇಟಾಗಿ ಎದ್ದರೆ ಒಳ್ಳೆಯದಲ್ವಾ?

ಎಲ್ಲರೂ ಪ್ರೀತಿಯಿಂದ ಕೊಡುವ ಸಲಹೆ ಇದು. ಕಾಯಿಲೆಯ ಮೊದಲ ದಿನಗಳಲ್ಲಿ ಸರಿ. ಚೇತರಿಸಿಕೊಂಡ ಮೇಲೆ ಇದೇ ನಿದ್ದೆಯನ್ನು ಕೆಡಿಸುತ್ತದೆ. ಆರ್ಥರ್ ಸ್ಪೀಲ್‌ಮನ್ ಎಂಬ ತಜ್ಞರು 1987ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ನಿದ್ದೆ ಕೆಡಲು ಸ್ವಭಾವ ಒಂದು ಕಾರಣ. ಕಾಯಿಲೆಯಂಥ ಪೆಟ್ಟು ಇನ್ನೊಂದು. ಪೆಟ್ಟು ಮಾಯವಾದ ಮೇಲೂ ತೊಂದರೆ ಉಳಿಯುವಂತೆ ಮಾಡುವುದು ಮೂರನೆಯದು, ನಾವು ನಿದ್ದೆಗಾಗಿ ಮಾಡುವ ಪ್ರಯತ್ನಗಳು. ಅವುಗಳಲ್ಲಿ ದೊಡ್ಡದು, ಹಾಸಿಗೆಯಲ್ಲಿ ಜಾಸ್ತಿ ಹೊತ್ತು ಕಳೆಯುವುದು.

ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಹಾಸಿಗೆಯಲ್ಲಿದ್ದೀರಿ, ನಿದ್ದೆ ಬರುವುದು ಆರೇ ಗಂಟೆ ಅಂದುಕೊಳ್ಳಿ. ಆ ಆರು ಗಂಟೆ ನಿದ್ದೆ ಒಂಬತ್ತು ಗಂಟೆಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ಸ್ಪೀಲ್‌ಮನ್ ಕೊಟ್ಟ ದಾರಿ, ಹಾಸಿಗೆಯ ಹೊತ್ತನ್ನು ನಿದ್ದೆಯ ಹೊತ್ತಿಗೆ ಹತ್ತಿರ ತರುವುದು. ಉದಾಹರಣೆಗೆ 12ರಿಂದ 6:30. ನಿದ್ದೆ ಗಟ್ಟಿಯಾಗತೊಡಗಿದಾಗ ವಾರಕ್ಕೆ 15 ನಿಮಿಷದಂತೆ ಹೆಚ್ಚಿಸುತ್ತಾ ಹೋಗುವುದು. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬಾರದು. ಅಪಸ್ಮಾರ, ಬೈಪೋಲಾರ್ ಕಾಯಿಲೆ, ಚಿಕಿತ್ಸೆ ಆಗದ ಸ್ಲೀಪ್ ಅಪ್ನಿಯಾ ಇದ್ದವರು, ಗಾಡಿ ಓಡಿಸುವ ಕೆಲಸದವರು, ಇನ್ನೂ ಪೂರ್ತಿ ಚೇತರಿಸಿಕೊಳ್ಳದವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು.

ಇಷ್ಟೆಲ್ಲ ಬೇಡ ಅನ್ನುವವರು ಒಂದನ್ನು ಮಾತ್ರ ಹಿಡಿದುಕೊಳ್ಳಿ. ರಾತ್ರಿ ಹೇಗೇ ಕಳೆದಿರಲಿ, ರಜೆಯೇ ಇರಲಿ, ಏಳುವ ಹೊತ್ತು ಒಂದೇ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ನನ್ನ ಮಟ್ಟಿಗೆ ಮಲಗುವ ಹೊತ್ತಿಗಿಂತ ಏಳುವ ಹೊತ್ತೇ ಮುಖ್ಯ.

ಕಣ್ಣು ಹತ್ತುವಷ್ಟರಲ್ಲಿ ಬೆಚ್ಚಿ ಏಳುತ್ತೇನೆ. ಉಸಿರು ನಿಂತಂತೆ, ಎದೆ ನಿಂತಂತೆ ಆಗುತ್ತದೆ. ಇದು ಅಪಾಯವಾ?

ನಿದ್ದೆಗೆ ಜಾರುವಾಗ ಮೈ ಒಮ್ಮೆ ಜುಂ ಅಂದು ಬೆಚ್ಚುವುದು ಆರೋಗ್ಯವಂತರಲ್ಲೂ ಬಹಳ ಸಾಮಾನ್ಯ. ಸುಸ್ತು, ಆತಂಕ, ಕಾಫಿ ಜಾಸ್ತಿಯಾದಾಗ ಇದೂ ಜಾಸ್ತಿ. ಆ ಹೊತ್ತಿನಲ್ಲಿ ಉಸಿರಾಟ, ಎದೆಬಡಿತ ನಿಧಾನವಾಗುತ್ತವೆ. ಎಚ್ಚರದಲ್ಲಿ ನಿಮಿಷಕ್ಕೆ 60ರಿಂದ 100 ಇರುವ ಬಡಿತ ನಿದ್ದೆಯಲ್ಲಿ 60ಕ್ಕಿಂತ ಕೆಳಗಿಳಿಯುವುದೂ ಸಹಜ. ಕಾವಲಿಗಿರುವ ಮೆದುಳು ಈ ಇಳಿತವನ್ನೇ ಅಪಾಯ ಅಂದುಕೊಂಡು ಎಬ್ಬಿಸುತ್ತದೆ.

ಎದೆ ಒಂದು ಬಡಿತ ತಪ್ಪಿದಂತಾಗಿ, ಮುಂದಿನದು ದಪ್ ಅಂತ ಬಡಿಯುವುದೂ ಆರೋಗ್ಯವಂತ ಹೃದಯಗಳಲ್ಲಿ ಇರುತ್ತದೆ. ಎಡ ಮಗ್ಗುಲಾಗಿ ಮಲಗಿದಾಗ ಜಾಸ್ತಿ ಗೊತ್ತಾಗುತ್ತದೆ. ನಿಮಗೆ ಹೃದಯದ ಕಾಯಿಲೆ ಆಗಿದ್ದರೆ ಮಾತ್ರ ವೈದ್ಯರಿಗೆ ಒಮ್ಮೆ ಹೇಳಿ, ಇಸಿಜಿ ಮಾಡಿಸಿ. ತಲೆಸುತ್ತಿ ಬೀಳುವಂತಾದರೆ, ಉಸಿರು ಕಟ್ಟಿದಂತಾಗಿ ಏಳುವುದು ದಿನವೂ ನಡೆದರೆ ತಡಮಾಡದೆ ತೋರಿಸಿ.

ಕೆಲವರಿಗೆ ನಿದ್ದೆಯಿಂದಲೇ ಪ್ಯಾನಿಕ್ ಎಬ್ಬಿಸುತ್ತದೆ. ಬೆವರು, ನಡುಕ, "ಸತ್ತೇ ಹೋಗುತ್ತೇನೆ" ಅನ್ನುವ ಭಯ. ಸಾಮಾನ್ಯವಾಗಿ ಇದು 10 ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಮೊದಲ ಸಲ ಬಂದಾಗ ವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಆಮೇಲೆ ಬಂದಾಗ ಅದರ ಜೊತೆ ಹೋರಾಡಬೇಡಿ. ಕಾಲು ನೆಲಕ್ಕೆ ಊರಿ ಕೂತು, ಅದು ಏರಿ ಇಳಿಯಲು ಬಿಡಿ.

ಈ ನೋವು ನಿಜವಾ, ಬರೀ ಭಯವಾ? ಹೇಗೆ ತಿಳಿಯುವುದು?

ಮೊದಲಿಗೆ, ಭಯದಿಂದ ಬಂದ ನೋವೂ ನಿಜವಾದ ನೋವೇ. ನೀವು ಕಲ್ಪಿಸಿಕೊಳ್ಳುತ್ತಿಲ್ಲ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮ್ಮ ನಾಲಿಗೆ ಬಾಯೊಳಗೆ ಎಲ್ಲೆಲ್ಲಿ ತಾಗಿದೆ ಅಂತ ಒಂದು ನಿಮಿಷ ಗಮನಿಸಿ. ಇಷ್ಟು ಹೊತ್ತು ಇದ್ದೂ ಇಲ್ಲದಂತಿದ್ದ ನಾಲಿಗೆ ಈಗ ದಪ್ಪ ಅನ್ನಿಸುತ್ತದೆ, ಎಲ್ಲಿಡಬೇಕೋ ತಿಳಿಯುವುದಿಲ್ಲ. ಕಾಯಿಲೆ ಬಂದು ಹೋದ ಜಾಗದ ಮೇಲೆ ನಾವು ದಿನವಿಡೀ ಇಷ್ಟೇ ಗಮನ ಇಟ್ಟಿರುತ್ತೇವೆ. ಸಣ್ಣ ಚುಚ್ಚು, ಸೆಳೆತ, ಗುಡುಗುಡು ಎಲ್ಲ ದೊಡ್ಡದಾಗಿ ಕೇಳಿಸುತ್ತವೆ. ಇನ್ನೊಂದು ಕಾರಣವೂ ಇದೆ. ವಾರಗಟ್ಟಲೆ ಮಲಗಿದ ದೇಹ ಬಲ ಕಳೆದುಕೊಂಡಿರುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುವುದು ಅದರಿಂದಲೂ ಆಗುತ್ತದೆ.

ಗುರುತಿಸಲು ಸುಲಭದ ದಾರಿ, ವೈದ್ಯರ ಜೊತೆ ಕೂತು ಮೊದಲೇ ಒಂದು ಚೀಟಿ ಬರೆದುಕೊಳ್ಳುವುದು. ನಿಮಗೆ ಬಂದಿದ್ದ ಕಾಯಿಲೆಯಲ್ಲಿ ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? ಯಾವುದು ಕಂಡರೆ ಒಂದೆರಡು ವಾರ ನೋಡಿ ಬರಬೇಕು? ಯಾವುದನ್ನು ಬಿಟ್ಟುಬಿಡಬಹುದು? ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ನೋವು, ಹೊಸ ಗಂಟು, ರಕ್ತ ಕಾಣುವುದು ಇವನ್ನು ಯಾವತ್ತೂ ಆತಂಕದ ಲೆಕ್ಕಕ್ಕೆ ಹಾಕಬೇಡಿ. ಉಳಿದದ್ದನ್ನು ಚೀಟಿ ನೋಡಿ ತೀರ್ಮಾನಿಸಿ. ನಡುರಾತ್ರಿಯ ಮನಸ್ಸಿಗೆ ಆ ಅಧಿಕಾರ ಕೊಡಬೇಡಿ. ಈ ಪುಟದಲ್ಲಿ ಒಂದೇ ಕೆಲಸ ಮಾಡುವಷ್ಟು ಶಕ್ತಿ ನಿಮಗಿದ್ದರೆ, ದಯವಿಟ್ಟು ಈ ಚೀಟಿ ಬರೆಸಿಕೊಳ್ಳಿ.

ನಾಡಿ, ಬಿಪಿ, ಆಕ್ಸಿಜನ್ ಆಗಾಗ ನೋಡಿಕೊಳ್ಳುವುದು ತಪ್ಪಾ?

ವೈದ್ಯರು ಹೇಳಿದಷ್ಟು ಸಲ ನೋಡಿದರೆ ತಪ್ಪಲ್ಲ. ಸಮಾಧಾನಕ್ಕೆ ನೋಡಿದರೆ ಸಮಾಧಾನ ಸಿಗುವುದಿಲ್ಲ. ಭಯದಲ್ಲಿ ಬಿಪಿ ನೋಡಿದರೆ ಜಾಸ್ತಿಯೇ ಬರುತ್ತದೆ. ಅದನ್ನು ಕಂಡು ಭಯ ಏರುತ್ತದೆ. ಮತ್ತೆ ನೋಡಿದರೆ ಇನ್ನೂ ಜಾಸ್ತಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ತೋರಿಸುತ್ತದೆ. ಗಂಟು ಇದೆಯಾ ಅಂತ ದಿನಕ್ಕೆ ಹತ್ತು ಸಲ ಒತ್ತಿ ನೋಡಿದರೆ ಆ ಜಾಗವೇ ನೋಯಲು ಶುರುವಾಗುತ್ತದೆ.

ಒಂದೇ ದಿನ ಪೂರ್ತಿ ನಿಲ್ಲಿಸಲು ಹೋಗಬೇಡಿ. ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಅಂತ ಎರಡು ದಿನ ಎಣಿಸಿ. ಆಮೇಲೆ ಅರ್ಧಕ್ಕೆ ಇಳಿಸಿ. ನೋಡಬೇಕು ಅನ್ನಿಸಿದಾಗ 20 ನಿಮಿಷ ಮುಂದೂಡಿ, ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಿ. ತುಂಬಾ ಸಲ ಅಷ್ಟರಲ್ಲಿ ತುಡಿತ ಇಳಿದಿರುತ್ತದೆ. ರಾತ್ರಿ ಮಾತ್ರ ಉಪಕರಣಗಳು ಮಲಗುವ ಕೋಣೆಯಲ್ಲಿ ಬೇಡವೇ ಬೇಡ, ವೈದ್ಯರು ಇಡಲು ಹೇಳಿದ್ದರೆ ಬಿಟ್ಟು.

ಗೂಗಲ್‌ನಲ್ಲಿ ಹುಡುಕದೆ ಇರಲು ಆಗುತ್ತಿಲ್ಲ.

ಹುಡುಕಾಟಕ್ಕೆ ನಿಮ್ಮ ವಯಸ್ಸು, ನಿಮ್ಮ ರಿಪೋರ್ಟ್ ಗೊತ್ತಿಲ್ಲ. ತಲೆನೋವು ಅಂತ ಹಾಕಿದರೆ ಸಾವಿರದಲ್ಲಿ ಒಬ್ಬರಿಗೆ ಬರುವುದನ್ನೂ, ಎಲ್ಲರಿಗೂ ಬರುವುದನ್ನೂ ಪಕ್ಕಪಕ್ಕದಲ್ಲಿ ಇಡುತ್ತದೆ. ಭಯದ ಕಣ್ಣು ಮೊದಲನೆಯದರ ಮೇಲೇ ನಿಲ್ಲುತ್ತದೆ. ಪ್ರಶ್ನೆ ಬಂದ ಕೂಡಲೇ ಹುಡುಕುವ ಬದಲು ಕಾಗದದ ಮೇಲೆ ಬರೆದಿಡಿ, ಮುಂದಿನ ಸಲ ವೈದ್ಯರನ್ನು ಕೇಳಿ. ಆ ಹೊತ್ತಿಗೆ ಪಟ್ಟಿಯಲ್ಲಿ ಅರ್ಧ ಪ್ರಶ್ನೆಗಳನ್ನು ನೀವೇ ಹೊಡೆದುಹಾಕಿರುತ್ತೀರಿ.

ಡಾಕ್ಟರ್ "ಏನೂ ಇಲ್ಲ" ಅಂದಾಗ ನೆಮ್ಮದಿ ಆಗುತ್ತದೆ. ಎರಡೇ ದಿನ. ಆಮೇಲೆ ಮತ್ತೆ ಅನುಮಾನ. ಯಾಕೆ?

ಯಾಕೆಂದರೆ ಭಯ ಕೇಳುತ್ತಿರುವುದು ನೂರಕ್ಕೆ ನೂರು ಖಾತ್ರಿ. ಅದನ್ನು ಯಾವ ಟೆಸ್ಟೂ ಕೊಡಲಾರದು, ಯಾರ ದೇಹಕ್ಕೂ ಕೊಡಲಾರದು. ಸಮಾಧಾನದ ಮಾತು ಅನುಮಾನವನ್ನು ಒಂದು ಗಳಿಗೆ ತಣಿಸುತ್ತದೆ. ತಣಿದ ಅನುಭವವೇ "ಮತ್ತೆ ಕೇಳು" ಅಂತ ಕಲಿಸುತ್ತದೆ. ಆರೋಗ್ಯದ ಆತಂಕದ ಬಗ್ಗೆ ಕೆಲಸ ಮಾಡಿದ ತಜ್ಞರು 1980ರ ದಶಕದಲ್ಲೇ ಈ ಸುತ್ತನ್ನು ಗುರುತಿಸಿದ್ದಾರೆ.

ಹಾಗಾದರೆ ಬಿಡುವುದು ಹೇಗೆ? "ಕಾಯಿಲೆ ಇಲ್ಲ" ಅಂತ ಸಾಬೀತು ಮಾಡಿಕೊಳ್ಳಲು ಹೋಗಬೇಡಿ. "ಇರಲೂಬಹುದು, ಇಲ್ಲದಿರಲೂಬಹುದು. ಚೀಟಿಯಲ್ಲಿ ಇರುವ ಲಕ್ಷಣ ಇವತ್ತು ಇಲ್ಲ. ಇವತ್ತಿನ ಕೆಲಸ ಮಾಡುತ್ತೇನೆ" ಅನ್ನಿ. ಮೊದಮೊದಲು ಈ ಮಾತು ಹೇಳುವಾಗ ಹೊಟ್ಟೆ ತೊಳಸಿದಂತಾಗುತ್ತದೆ. ಆಗಲಿ. ಹೇಳುತ್ತಾ ಹೋದಂತೆ ಅದರ ಕಾವು ಇಳಿಯುತ್ತದೆ. ವೈದ್ಯರ ಭೇಟಿಯನ್ನೂ ಭಯ ಬಂದಾಗಲೆಲ್ಲ ಇಟ್ಟುಕೊಳ್ಳದೆ, ತಿಂಗಳಿಗೊಮ್ಮೆಯೋ ಅವರು ಹೇಳಿದ ಅಂತರದಲ್ಲೋ ಮೊದಲೇ ಗೊತ್ತು ಮಾಡಿಕೊಳ್ಳಿ. ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳುವುದು ಒಳ್ಳೆಯದು.

ಹಗಲು ಹೇಗೋ ಕಳೆಯುತ್ತದೆ. ಭಯ ರಾತ್ರಿಯೇ ಯಾಕೆ ಜಾಸ್ತಿ?

ಹಗಲು ಗಮನಕ್ಕೆ ನೂರು ಕಡೆ ಕೆಲಸ. ರಾತ್ರಿ ದೇಹ ಒಂದೇ ಉಳಿಯುತ್ತದೆ. ಅದೂ ಅಲ್ಲದೆ ನಿದ್ದೆಗಣ್ಣಿನ ಮೆದುಳಿಗೆ ಯೋಚನೆಗಳನ್ನು ತೂಗಿ ನೋಡುವ ಶಕ್ತಿ ಕಡಿಮೆ.

ಚಿಂತೆಗೆ ಹಗಲಿನಲ್ಲೇ ಒಂದು ಹೊತ್ತು ಕೊಡಿ. ಸಂಜೆ 20 ನಿಮಿಷ, ಒಂದೇ ಜಾಗ, ಕಾಗದ ಪೆನ್ನು. ಮನಸ್ಸಿನಲ್ಲಿರುವ ಭಯಗಳನ್ನೆಲ್ಲ ಬರೆಯಿರಿ. ಮಾಡಬಹುದಾದ್ದು ಏನಾದರೂ ಇದ್ದರೆ ಪಕ್ಕದಲ್ಲಿ ಬರೆಯಿರಿ. ರಾತ್ರಿ ಅದೇ ಯೋಚನೆ ಬಂದರೆ "ನಾಳೆ ಸಂಜೆ ನೋಡೋಣ" ಅನ್ನಿ. ಮಲಗುವ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು ಎಂದು 2018ರ ಸಣ್ಣ ಅಧ್ಯಯನವೊಂದರಲ್ಲಿ ಕಂಡುಬಂತು. ಬರೆದಿಟ್ಟದ್ದನ್ನು ಮೆದುಳು ಹೊತ್ತು ತಿರುಗಬೇಕಾಗಿಲ್ಲ.

ಉಸಿರಾಟದ ಅಭ್ಯಾಸ, ಧ್ಯಾನ ಮಾಡಿದರೂ ನಿದ್ದೆ ಬರುವುದಿಲ್ಲ.

ನಿದ್ದೆ ಬರಲಿ ಅಂತ ಮಾಡುತ್ತಿದ್ದೀರಿ, ಅದಕ್ಕೇ. "ಈಗ ಬಂತಾ? ಈಗ?" ಅಂತ ಒಳಗೊಳಗೇ ನೋಡುತ್ತಿರುತ್ತೀರಿ. ಬರೀ ಮೈ ಸಡಿಲ ಮಾಡಲು ಮಾಡಿ. ಮೂಗಿನಿಂದ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ. ಇಲ್ಲವೇ ಕಾಲ್ಬೆರಳಿನಿಂದ ಶುರು ಮಾಡಿ ಒಂದೊಂದೇ ಭಾಗವನ್ನು ಬಿಗಿ ಹಿಡಿದು ಬಿಡಿ. ಉಸಿರು ಅಥವಾ ಎದೆಯ ಕಾಯಿಲೆ ಆದವರಿಗೆ ಉಸಿರು ಗಮನಿಸುವುದೇ ಭಯ ತರಬಹುದು. ಅಂಥವರು ಉಸಿರಿನ ಗೊಡವೆಗೆ ಹೋಗದೆ ಹೊರಗಿನ ಸದ್ದುಗಳನ್ನು ಕೇಳಿ. ಇನ್ನೊಂದು ದಾರಿ, ಕತ್ತಲಲ್ಲಿ ಕಣ್ಣು ತೆರೆದು ಮಲಗಿ "ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತೇನೆ" ಅಂದುಕೊಳ್ಳುವುದು. ವಿಚಿತ್ರ ಅನ್ನಿಸಿದರೂ ಇದನ್ನು ಚಿಕಿತ್ಸೆಯಲ್ಲೇ ಬಳಸುತ್ತಾರೆ. ಪ್ರಯತ್ನ ನಿಂತರೆ ನಿದ್ದೆಗೆ ದಾರಿಯಾಗುತ್ತದೆ.

ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದಾ?

ವೈದ್ಯರು ಕೊಟ್ಟರೆ, ಸ್ವಲ್ಪ ದಿನಕ್ಕೆ, ತಪ್ಪೇನಿಲ್ಲ. ನೋವು ಭಯ ಎರಡೂ ತೀರಾ ಇರುವ ದಿನಗಳಲ್ಲಿ ಅದು ದೊಡ್ಡ ಉಪಕಾರ. ಮಾತ್ರೆ ತೆಗೆದುಕೊಂಡೆ ಅಂತ ಕೀಳಾಗಿ ಕಾಣುವವರ ಮಾತು ಕೇಳಬೇಡಿ. ಆದರೆ ಆಲ್ಪ್ರಜೋಲಮ್, ಕ್ಲೋನಜೆಪಾಮ್‌ನಂಥ ಮಾತ್ರೆಗಳು ವಾರಗಟ್ಟಲೆ ಹೋದರೆ ದೇಹಕ್ಕೆ ರೂಢಿಯಾಗುತ್ತವೆ. ಥಟ್ಟನೆ ನಿಲ್ಲಿಸಿದರೆ ನಿದ್ದೆ ಇನ್ನೂ ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ನಿಲ್ಲಿಸುವುದಿದ್ದರೆ ವೈದ್ಯರ ಲೆಕ್ಕದಂತೆ ಮೆಲ್ಲಗೆ ಇಳಿಸಬೇಕು. ಝೋಲ್ಪಿಡೆಮ್ ತೆಗೆದುಕೊಂಡ ಕೆಲವರು ನಿದ್ದೆಯಲ್ಲೇ ಎದ್ದು ಓಡಾಡಿದ್ದಾರೆ, ಗಾಡಿ ಓಡಿಸಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ವಯಸ್ಸಾದವರಲ್ಲಿ ಇವು ಬೀಳುವ ಅಪಾಯ ಹೆಚ್ಚಿಸುತ್ತವೆ. ನೆಂಟರ, ಸ್ನೇಹಿತರ ಮಾತ್ರೆಯನ್ನು ಯಾವತ್ತೂ ತೆಗೆದುಕೊಳ್ಳಬೇಡಿ. ಮದ್ಯದ ಜೊತೆಯಂತೂ ಬೇಡವೇ ಬೇಡ.

ಮೆಲಟೋನಿನ್ ಎಂಬ ಹಾರ್ಮೋನಿನ ಮಾತ್ರೆ ದೇಹದ ಗಡಿಯಾರ ಸರಿಹೊಂದಿಸಲು ಸ್ವಲ್ಪ ನೆರವಾಗುತ್ತದೆ. ಭಯದಿಂದ ಬಾರದ ನಿದ್ದೆಗೆ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ.

ಕಾಫಿ, ಮದ್ಯ?

ಕೆಫೀನ್ ಅಡೆನೊಸಿನ್‌ನ ಕೆಲಸವನ್ನು ತಡೆಯುತ್ತದೆ. ಕುಡಿದ ಸುಮಾರು ಐದು ಗಂಟೆಯ ನಂತರವೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಬೇಡ. ಮದ್ಯ ಬೇಗ ನಿದ್ದೆ ಹತ್ತಿಸಿ ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ.

ನಿದ್ದೆ ಅಳೆಯುವ ವಾಚ್ ಕಟ್ಟಿಕೊಳ್ಳಲಾ?

ಬೇಡ. ಎಷ್ಟು ಹೊತ್ತು ಮಲಗಿದಿರಿ ಅನ್ನುವುದನ್ನು ಅದು ಅಂದಾಜು ಮಾಡುತ್ತದೆ. ಗಾಢ ನಿದ್ದೆ ಎಷ್ಟು ಅನ್ನುವ ಲೆಕ್ಕ ಅಷ್ಟು ನಂಬುವಂಥದ್ದಲ್ಲ. ವಾಚಿನ ಅಂಕ ಸರಿಮಾಡಲು ಹೋಗಿ ನಿದ್ದೆ ಕೆಡಿಸಿಕೊಂಡವರನ್ನು ಕಂಡು 2017ರಲ್ಲಿ ಸಂಶೋಧಕರು ಅದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರಿಟ್ಟರು.

ಹಗಲು ಮಲಗಬಹುದಾ? ವ್ಯಾಯಾಮ?

ಮೂರು ಗಂಟೆಗೆ ಮುಂಚೆ, 20ರಿಂದ 30 ನಿಮಿಷ ಮಲಗಿದರೆ ತೊಂದರೆಯಿಲ್ಲ. ದಿನವೂ ಸ್ವಲ್ಪ ನಡೆಯಿರಿ, ವೈದ್ಯರು ಹೇಳಿದಷ್ಟು ಮಾತ್ರ. ವೈರಸ್ ಕಾಯಿಲೆ ಆದ ಕೆಲವರಿಗೆ ಸ್ವಲ್ಪ ಶ್ರಮ ಪಟ್ಟರೂ ಮಾರನೇ ದಿನವೋ ಅದರ ಮಾರನೇ ದಿನವೋ ಮೈ ಕುಸಿದುಬೀಳುತ್ತದೆ. ಇದು ಸೋಮಾರಿತನವಲ್ಲ, ಭಯವೂ ಅಲ್ಲ. ಅಂಥವರು ಬಲವಂತವಾಗಿ ವ್ಯಾಯಾಮ ಹೆಚ್ಚಿಸಬಾರದು. ಶಕ್ತಿಯನ್ನು ಹಂಚಿಕೊಂಡು ಬಳಸಬೇಕು, ವೈದ್ಯರಿಗೆ ಹೇಳಬೇಕು.

ಐಸಿಯು ಕನಸುಗಳು ಬಿಡುತ್ತಿಲ್ಲ. ಆಸ್ಪತ್ರೆಯ ವಾಸನೆ ಬಂದರೂ ಮೈ ನಡುಗುತ್ತದೆ.

ಇದು ಬರೀ ನಿದ್ದೆಯ ತೊಂದರೆಯಲ್ಲ. ಜ್ವರ, ಔಷಧಿಯ ಮಂಪರಿನಲ್ಲಿ ಕಂಡ ಭ್ರಮೆಗಳು ನಿಜ ನಡೆದಂತೆ ನೆನಪಾಗಿ ಉಳಿಯುತ್ತವೆ. ಅಲ್ಲಿ ಏನೇನು ನಡೆಯಿತು, ಯಾವ ದಿನ ಏನಾಯಿತು ಅಂತ ಜೊತೆಗಿದ್ದವರಿಂದ ಕೇಳಿ ಬರೆದುಕೊಳ್ಳುವುದು ಕೆಲವರಿಗೆ ತುಂಬಾ ನೆರವಾಗುತ್ತದೆ. ಒಂದು ತಿಂಗಳಾದರೂ ಕನಸು, ಬೆಚ್ಚುವಿಕೆ, ಆಸ್ಪತ್ರೆಯ ದಾರಿ ತಪ್ಪಿಸಿ ಓಡಾಡುವುದು ನಿಲ್ಲದಿದ್ದರೆ ಆಘಾತಕ್ಕೆ ಚಿಕಿತ್ಸೆ ಕೊಡುವ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಿ.

ಯಾವ ಚಿಕಿತ್ಸೆ ಕೇಳಬೇಕು?

ನಿದ್ದೆಗೆ ಸಿಬಿಟಿ-ಐ, ಅಂದರೆ ನಿದ್ರಾಹೀನತೆಗೆಂದೇ ಇರುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಮೇಲೆ ಹೇಳಿದ ಹಾಸಿಗೆಯ ನಿಯಮ, ಹೊತ್ತಿನ ಲೆಕ್ಕ, ಯೋಚನೆಗಳ ಕೆಲಸ ಎಲ್ಲ ಸೇರಿದ ಮಾತಿನ ಚಿಕಿತ್ಸೆ ಇದು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸೂಚಿಸಿತು.

ಭಯಕ್ಕೂ ಸಿಬಿಟಿ ಇದೆ. ಬ್ರಿಟನ್‌ನ ಆಸ್ಪತ್ರೆಗಳ ಹೃದಯ, ನರ, ಶ್ವಾಸಕೋಶ ಮುಂತಾದ ವಿಭಾಗಗಳಿಗೆ ಬರುತ್ತಿದ್ದ, ಆರೋಗ್ಯದ ಆತಂಕ ತೀರಾ ಜಾಸ್ತಿಯಿದ್ದ 444 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೆಲವೇ ಭೇಟಿಗಳ ಚಿಕಿತ್ಸೆಯ ಲಾಭ ಎರಡು ವರ್ಷದ ನಂತರವೂ ಉಳಿದಿತ್ತು. ಇವರೆಲ್ಲ ದೇಹದ ತೊಂದರೆಗೆಂದು ಆಸ್ಪತ್ರೆಗೆ ಬಂದವರು ಅನ್ನುವುದು ನನಗೆ ಮುಖ್ಯ. "ನನಗೆ ನಿಜವಾಗಿ ಕಾಯಿಲೆ ಇತ್ತು, ನನಗೆ ಈ ಚಿಕಿತ್ಸೆ ಹೊಂದುವುದಿಲ್ಲ" ಅನ್ನುವವರಿಗೆ ಇದೇ ಉತ್ತರ. ಖಿನ್ನತೆಯೂ ಸೇರಿದ್ದರೆ ಔಷಧಿ ಬೇಕಾಗಬಹುದು.

ಮನೆಯವರು ಏನು ಮಾಡಬಹುದು?

"ಎಲ್ಲ ನಿನ್ನ ತಲೆಯಲ್ಲಿದೆ" ಅನ್ನಬೇಡಿ. ದಿನಕ್ಕೆ ಇಪ್ಪತ್ತು ಸಲ "ಏನೂ ಆಗಲ್ಲ" ಅಂತಲೂ ಹೇಳಬೇಡಿ. ಎರಡನೆಯದು ಪ್ರೀತಿಯ ಮಾತೇ, ಆದರೆ ಭಯಕ್ಕೆ ಅದು ಮೇವು. ಮೊದಲೇ ಕೂತು ಒಪ್ಪಂದ ಮಾಡಿಕೊಳ್ಳಿ. ಪ್ರಶ್ನೆ ಬಂದಾಗ "ಭಯ ಆಗ್ತಿದೆ ಅಲ್ವಾ, ಚೀಟಿ ನೋಡೋಣ ಬಾ" ಅನ್ನಿ. ಚೀಟಿಯಲ್ಲಿ ಇಲ್ಲದ ಲಕ್ಷಣವಾದರೆ ಜೊತೆಗೆ ಕೂತು ಬೇರೆ ಮಾತಾಡಿ. ಬೆಳಿಗ್ಗೆ "ನಿದ್ದೆ ಬಂತಾ?" ಅಂತ ಕೇಳುವುದನ್ನೂ ಬಿಡಿ.

ಫಾಲೋ-ಅಪ್ ಟೆಸ್ಟ್ ಹತ್ತಿರ ಬಂದರೆ ಎಲ್ಲ ಮತ್ತೆ ಶುರುವಾಗುತ್ತದೆ.

ಆಗುತ್ತದೆ. ಟೆಸ್ಟಿನ ಹಿಂದಿನ ವಾರ, ಕಾಯಿಲೆ ಬಂದ ತಿಂಗಳು, ಅದೇ ಕಾಯಿಲೆಯ ಸುದ್ದಿ ಕೇಳಿದ ದಿನ ನಿದ್ದೆ ಕೆಡುತ್ತದೆ ಅಂತ ಮೊದಲೇ ಅಂದುಕೊಂಡಿರಿ. ಆ ವಾರಕ್ಕೆ ಹೊಸ ಅಭ್ಯಾಸ ಯಾವುದೂ ಬೇಡ. ಏಳುವ ಹೊತ್ತು ಅದೇ ಇರಲಿ, ಸಂಜೆಯ 20 ನಿಮಿಷ ಇರಲಿ, ಗಡಿಯಾರ ಗೋಡೆ ಕಡೆಗೇ ಇರಲಿ. ಸಾಧ್ಯವಾದರೆ ಟೆಸ್ಟನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ದಿನವಿಡೀ ಕಾಯುವುದು ತಪ್ಪುತ್ತದೆ. ರಿಪೋರ್ಟ್ ಯಾವಾಗ ಬರುತ್ತದೆ, ಯಾರು ಹೇಳುತ್ತಾರೆ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ರಿಪೋರ್ಟ್ ಫೋನಿಗೆ ರಾತ್ರಿ ಬಂದರೆ ಆಗಲೇ ತೆರೆಯಬೇಡಿ, ಬೆಳಿಗ್ಗೆ ಯಾರಾದರೂ ಜೊತೆಗಿದ್ದಾಗ, ವೈದ್ಯರಿಗೆ ಫೋನ್ ಮಾಡಲು ಆಗುವ ಹೊತ್ತಿನಲ್ಲಿ ತೆರೆಯಿರಿ.